ಹೂಡಿದವರು ಯಾರು, ಉಂಡವರು ಯಾರು?

'ಹೂಡು' ಎಂಬ ಮಾತು ನಮ್ಮದು. ಅದನ್ನು ನಮ್ಮ ಕಣ್ಣೆದುರಿಗೇ ಕದ್ದೊಯ್ದಿದ್ದಾರೆ. ಹೊಲ ಕದ್ದರೆ ಸರ್ವೆ ಮಾಡಿಸಬಹುದು, ದನ ಕದ್ದರೆ ಠಾಣೆಗೆ ಹೋಗಬಹುದು. ಮಾತು ಕದ್ದರೆ ಎಲ್ಲಿ ದೂರು ಕೊಡೋದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಯಾವ ಹಳ್ಳಿಗಾದರೂ ಹೋಗಿ ಕೇಳಿ, ಹೂಡೋದು ಅಂದರೆ ಏನು ಅಂತ. ಹೊತ್ತು ಮೂಡುವ ಮೊದಲೇ ಎತ್ತಿನ ಹೆಗಲಿಗೆ ನೊಗವಿಟ್ಟು ಆರು ಹೂಡುತ್ತಾರೆ. ಯುಗಾದಿ ಕಳೆದ ಮೇಲೆ ಹೊನ್ನಾರು ಹೂಡುತ್ತಾರೆ. ಗಾಡಿ ಹೂಡುತ್ತಾರೆ, ಕುಂಟೆ ಹೂಡುತ್ತಾರೆ. ಮೂರು ಕಲ್ಲು ತಂದು ಒಲೆ ಹೂಡುತ್ತಾರೆ. ಕೂಲಿ ಅರಸಿ ಹೋದ ಕಡೆ ಬಿಡಾರ ಹೂಡುತ್ತಾರೆ. ಗಂಡು ಹೆಣ್ಣು ಸೇರಿ ಸಂಸಾರ ಹೂಡುತ್ತಾರೆ. ಬೇಟೆಗಾರ ಬಿಲ್ಲಿಗೆ ಬಾಣ ಹೂಡುತ್ತಾನೆ. ಅನ್ಯಾಯವಾದರೆ ದಾವೆ ಹೂಡುತ್ತಾರೆ. ದಾವೆಯಲ್ಲೂ ನ್ಯಾಯ ದಕ್ಕದಿದ್ದರೆ ಧರಣಿ ಹೂಡುತ್ತಾರೆ, ಮುಷ್ಕರ ಹೂಡುತ್ತಾರೆ.

ಇಷ್ಟು ಕಡೆಯೂ ಒಂದೇ ಗುಣ. ಹೂಡುವವರ ಮೈ ಅಲ್ಲೇ ಇರುತ್ತದೆ. ಆರು ಹೂಡಿದವನ ಕಾಲು ಮಣ್ಣಿನಲ್ಲಿರುತ್ತದೆ. ಒಲೆ ಹೂಡಿದವಳ ಕಣ್ಣಿಗೆ ಹೊಗೆ ತುಂಬಿರುತ್ತದೆ. ಧರಣಿ ಹೂಡಿದವರ ಬೆನ್ನಿಗೆ ಲಾಠಿ ಬೀಳುತ್ತದೆ. ಮೈ ಇಲ್ಲದೆ ಹೂಡುವುದು ಕನ್ನಡದಲ್ಲಿ ಒಂದೇ ಒಂದಿತ್ತು: ಸಂಚು ಹೂಡುವುದು. ಅದನ್ನು ಮನೆಯೊಳಗೆ ಕೂತು, ಬಾಗಿಲು ಹಾಕಿಕೊಂಡು, ಕೈಗೆ ಮಣ್ಣಾಗದ ಹಾಗೆ ಹೂಡಬಹುದು.

ಈಗ ಪತ್ರಿಕೆ ಬಿಡಿಸಿ ನೋಡಿ. 'ಹೂಡಿಕೆ' ಅಂದರೆ ದುಡ್ಡು, 'ಹೂಡಿಕೆದಾರ' ಅಂದರೆ ದುಡ್ಡಿರುವವನು. ಬೇರೆ ಅರ್ಥವೇ ಉಳಿದಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೂಡಿಕೆದಾರರ ಸಮಾವೇಶ ನಡೆಯಿತು. 10.27 ಲಕ್ಷ ಕೋಟಿ ರೂಪಾಯಿ ಹೂಡುವ ಮಾತು ಬಂದಿದೆ ಎಂದು ಸರ್ಕಾರ ಸಾರಿತು. ಇನ್ನೂ ಹೂಡಿಲ್ಲ, ಹೂಡುತ್ತೇವೆ ಅಂದರು ಅಷ್ಟೆ. ಅಷ್ಟಕ್ಕೇ ಅವರು ಹೂಡಿಕೆದಾರರು! ಆ ಚಪ್ಪರ ಕಟ್ಟಿದವರು, ಕುರ್ಚಿ ಹೊತ್ತವರು, ರಾತ್ರಿಯೆಲ್ಲ ಕಸ ಗುಡಿಸಿದವರು ಆ ಮೈದಾನದಲ್ಲಿ ಮೈಮುರಿದು ದುಡಿದರು. ಅವರು ಏನನ್ನಾದರೂ ಹೂಡಿದರು ಎಂದು ಯಾವ ಪತ್ರಿಕೆ ಬರೆಯಿತು?

ಪತ್ರಿಕೆಯವರ ವಾಕ್ಯ ಗಮನಿಸಿ. ಸಾಹುಕಾರ 'ಬಂಡವಾಳ ಹೂಡುತ್ತಾನೆ', ಕೂಲಿಯವನಿಗೆ 'ಉದ್ಯೋಗ ಸಿಗುತ್ತದೆ'. ಒಬ್ಬ ಕೊಡುವವನು, ಇನ್ನೊಬ್ಬ ಪಡೆಯುವವನು. ಒಬ್ಬ ಕರ್ತೃ, ಇನ್ನೊಬ್ಬನ ಕೈಯಲ್ಲಿ ಕ್ರಿಯೆಯೇ ಇಲ್ಲ. ಇದು ವ್ಯಾಕರಣ ಅಂತ ನೀವು ತಿಳಿದಿದ್ದೀರಿ. ಇದು ಜಮೀನ್ದಾರಿ. ಉಳುವವನು ಕೊಟ್ಟ ಗೇಣಿಯಲ್ಲಿ ಉಂಡು, ಉಳುವವನಿಗೇ 'ನಾನು ನಿನಗೆ ಅನ್ನ ಹಾಕುತ್ತಿದ್ದೇನೆ ಕಣೋ' ಎಂದು ಗದರುತ್ತಿದ್ದ ಹಳೇ ಪಟೇಲನ ಮಾತೇ ಪಂಚೆ ಬಿಟ್ಟು ಪ್ಯಾಂಟು ತೊಟ್ಟು ಬಂದಿದೆ.

ನಾವು ಹೀಗೆ ಕೇಳಿದರೆ ಅರ್ಥಶಾಸ್ತ್ರದ ಪಂಡಿತರಿಗೆ ಸಿಟ್ಟು ಬರುತ್ತದೆ. ಅವರು ಹೇಳುವುದು: 'ದುಡ್ಡು ಹೂಡುವವನು ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ಲಾಭ ಬರಬಹುದು, ಮುಳುಗಲೂಬಹುದು. ಆ ಅಪಾಯಕ್ಕೆ ಸಿಗುವ ಪ್ರತಿಫಲವೇ ಲಾಭ. ಕೂಲಿಯವನಿಗೆ ಯಾವ ಅಪಾಯ? ವಾರಕ್ಕೆ ಬಟವಾಡೆ ಆಗುತ್ತದಲ್ಲ?'

ಆಗಲಿ ಸ್ವಾಮಿ, ಒಪ್ಪಿದೆವು. ಅಪಾಯಕ್ಕೆ ಪ್ರತಿಫಲ ಇರಲೇಬೇಕು. ಇದೇ ಸೂತ್ರ ಹಿಡಿದು ಲೆಕ್ಕ ಮಾಡೋಣ ಬನ್ನಿ.

ಮೊದಲು ಅವರ ಅಪಾಯ ಎಷ್ಟು ನೋಡೋಣ. ಕಂಪೆನಿ ಬೋರ್ಡಿನ ಕೊನೆಗೆ 'ಲಿಮಿಟೆಡ್' ಎಂದು ಬರೆದಿರುತ್ತದಲ್ಲ, ಅದು ಅಲಂಕಾರಕ್ಕೆ ಬರೆದದ್ದಲ್ಲ. ಕಂಪೆನಿ ಮುಳುಗಿದರೆ ಷೇರುದಾರನ ಹೊಣೆ ಅವನು ಹಾಕಿದ ದುಡ್ಡಿಗಷ್ಟೇ ಮಿತಿ ಎಂದರ್ಥ. ಸಾವಿರ ಕೋಟಿ ಸಾಲ ಉಳಿಸಿ ಕಂಪೆನಿ ಮುಳುಗಿದರೂ ಷೇರುದಾರನ ಮನೆಯ ಪಾತ್ರೆ ಬೀದಿಗೆ ಬರುವುದಿಲ್ಲ. ಬ್ರಿಟಿಷರು 1857ರಲ್ಲಿ ಈ ಕಾನೂನನ್ನು ಈ ದೇಶಕ್ಕೆ ತಂದರು. ಅವರು ಹೋದರು, ಕಾನೂನು ಉಳಿಯಿತು. ಅಂದರೆ ದುಡ್ಡು ಹೂಡುವವನ ಅಪಾಯಕ್ಕೆ ಸರ್ಕಾರವೇ ನಿಂತು ಬೇಲಿ ಹಾಕಿಕೊಟ್ಟಿದೆ. ಇನ್ನು ಹೂಡುವ ದುಡ್ಡಾದರೂ ಅವರದೇನು? ಬಹುಪಾಲು ಬ್ಯಾಂಕಿನದು. ಬ್ಯಾಂಕಿನ ದುಡ್ಡು ಯಾರದು? ಊರವರದು, ಮಗಳ ಮದುವೆಗೆಂದು ಚೀಟಿ ಕಟ್ಟಿ ಉಳಿಸಿಟ್ಟವರದು. 2014-15ರಿಂದ 2022-23ರವರೆಗಿನ ಒಂಬತ್ತು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿದವು ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಅದರಲ್ಲಿ 7.40 ಲಕ್ಷ ಕೋಟಿ ದೊಡ್ಡ ಉದ್ಯಮಗಳದು. 'ಇದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ' ಎಂದೂ ಸೇರಿಸಿದರು. ಇರಲಿ. ಆದರೆ ಮಾತು ಹೇಗೆ ಬದಲಾಗುತ್ತದೆ ನೋಡಿ. ಸೊಸೈಟಿಯಲ್ಲಿ ಐವತ್ತು ಸಾವಿರ ಉಳಿಸಿಕೊಂಡ ರೈತ 'ಸುಸ್ತಿದಾರ'; ಅವನ ಮನೆ ಬಾಗಿಲಿಗೆ ನೋಟೀಸು ಅಂಟುತ್ತದೆ, ಟ್ರ್ಯಾಕ್ಟರು ಜಪ್ತಿಯಾಗುತ್ತದೆ. ಸಾವಿರ ಕೋಟಿ ಉಳಿಸಿಕೊಂಡವನದು 'ಪುಸ್ತಕ ಶುದ್ಧಿ'. ಮಡಿ ಮೈಲಿಗೆ ಬ್ಯಾಂಕಿನ ಲೆಕ್ಕದಲ್ಲೂ ಇದೆ ಕಣ್ರಪ್ಪ!

ಈಗ ನಮ್ಮವರ ಅಪಾಯದ ಲೆಕ್ಕಕ್ಕೆ ಬನ್ನಿ. ದೂರ ಬೇಡ, ಕೋಲಾರದ ಚಿನ್ನದ ಗಣಿಗೆ ಹೋಗೋಣ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಅಲ್ಲಿ ಕಾಲಿಟ್ಟಿತು. ಲಂಡನ್ನಿನಲ್ಲಿ ಕೂತವರು ಷೇರು ಕೊಂಡು ಬಂಡವಾಳ ಹೂಡಿದರು. ಅವರಲ್ಲಿ ಎಷ್ಟು ಜನ ಕೋಲಾರದ ಮಣ್ಣು ಮುಟ್ಟಿದ್ದರು? ಭೂಮಿಯೊಳಕ್ಕೆ ಇಳಿದವರು ಯಾರು? ತಮಿಳು, ತೆಲುಗು, ಕನ್ನಡ ಸೀಮೆಗಳ ಬರಗಾಲದಿಂದ ಎದ್ದುಬಂದ ಬಡವರು. ಅವರಲ್ಲಿ ಬಹುಪಾಲು ಅಸ್ಪೃಶ್ಯರು. ಊರಿನಲ್ಲಿ ಬಾವಿಗೆ ಬಿಂದಿಗೆ ಬಿಡಲು ಬಿಡದವರು ಗಣಿಯಲ್ಲಿ ಮೂರು ಸಾವಿರ ಮೀಟರಿಗಿಂತ ಆಳಕ್ಕೆ ಇಳಿಯಲು ಯಾರನ್ನೂ ತಡೆಯಲಿಲ್ಲ. ಕೆಳಗೆ ಕಾದ ಕಬ್ಬಿಣದಂಥ ಸೆಕೆ. ಬಂಡೆ ತಾನಾಗಿ ಸಿಡಿಯುತ್ತಿತ್ತು; ಸಿಡಿದಾಗ ಕೆಳಗಿದ್ದವರು ಮೇಲೆ ಬರುತ್ತಿರಲಿಲ್ಲ. ಸಿಡಿಯದೆ ಉಳಿದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಬಂತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಳಿದವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕೂಲಿ ಮಾಡಿ ರಾತ್ರಿ ಲೈನು ಮನೆಗೆ ಬರತೊಡಗಿದರು. ಅವರ ಪಾಲಿಗೆ ಉಳಿದದ್ದು ಗಾಳಿ ಬೀಸಿದರೆ ಅನ್ನದ ತಟ್ಟೆಗೆ ಬಂದು ಬೀಳುವ ಸಯನೈಡ್ ದಿಬ್ಬದ ಧೂಳು.

ಹೇಳಿ, ಕೋಲಾರದಲ್ಲಿ ಹೂಡಿದವರು ಯಾರು? ಲಂಡನ್ನಿನವನ ಕಾಗದ ಮುಳುಗಿದ್ದರೆ ಕಾಗದ ಮುಳುಗುತ್ತಿತ್ತು. ಇವರು ಹೂಡಿದ್ದು ಪುಪ್ಪುಸ. ಅದಕ್ಕೆ 'ಲಿಮಿಟೆಡ್' ಅನ್ನುವ ಬೇಲಿ ಯಾರು ಹಾಕಿದ್ದರು?

ಗಣಿ ಮುಚ್ಚಿತು, ಹಳೇ ಕಥೆ ಅನ್ನಬೇಡಿ. ನಗರದ ಕಾಲಡಿ ನೋಡಿ. 1993ರಲ್ಲಿ ಮಲ ಹೊರುವುದನ್ನು ನಿಷೇಧಿಸಿ ಒಂದು ಕಾನೂನು ಬಂತು. ಅದು ಸಾಲದೆಂದು 2013ರಲ್ಲಿ ಇನ್ನೊಂದು ಬಂತು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಜನ ಸಾಯುವುದು ನಿಂತಿದ್ದರೆ ಪರಿಹಾರ ಏರಿಸುವ ಪ್ರಶ್ನೆ ಎಲ್ಲಿ ಬರುತ್ತಿತ್ತು? ಕೇಂದ್ರ ಸರ್ಕಾರವೇ ಇಂಥ 54 ಸಾವುಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿಸಿತು. 49 ಸಾವುಗಳಲ್ಲಿ ಸತ್ತವರ ಮೈಮೇಲೆ ಒಂದು ರಕ್ಷಣಾ ಸಾಮಗ್ರಿಯೂ ಇರಲಿಲ್ಲ. ಅಪಾಯಕ್ಕೆ ಪ್ರತಿಫಲವೇ ಲಾಭ ಎನ್ನುವ ಸೂತ್ರ ನಿಜವಾಗಿದ್ದರೆ ಈ ದೇಶದ ದೊಡ್ಡ ಶ್ರೀಮಂತರು ಮ್ಯಾನ್‌ಹೋಲಿನ ಅಕ್ಕಪಕ್ಕದ ಕೇರಿಗಳಲ್ಲಿ ಇರಬೇಕಾಗಿತ್ತು. ಇಲ್ಲ ಅಂದಮೇಲೆ ಸೂತ್ರ ಸುಳ್ಳು. ಅಪಾಯಕ್ಕೆ ಇಲ್ಲಿ ಪ್ರತಿಫಲವಿಲ್ಲ, ಜಾತಿ ಇದೆ. ದುಡ್ಡಿನ ಅಪಾಯಕ್ಕೆ ಲಾಭ. ಜೀವದ ಅಪಾಯಕ್ಕೆ ಕೂಲಿ, ಅದೂ ಬಾಕಿ.

ಹಾಗಾದರೆ ಜೀವವನ್ನೇ ಹೂಡುವವರಿಗೆ ಕನ್ನಡದಲ್ಲಿ ಮಾತೇ ಇಲ್ಲವೆ? ಬೇಕಾದಷ್ಟಿದೆ. ಆದರೆ ಅವು ಬೇರೆ ಸಾಲಿನವು, ಹಿಂದಿನ ಸಾಲಿನವು. ಒಡ್ಡು, ಪಣಕ್ಕಿಡು, ಒತ್ತೆಯಿಡು, ಅಡವಿಡು, ಈಡು ಮಾಡು, ಬಲಿ ಕೊಡು. ನಿಘಂಟು ಇವನ್ನು ಒಂದರ ಪಕ್ಕ ಒಂದು ಕೂರಿಸುತ್ತದೆ. ಸಹಪಂಕ್ತಿ ಭೋಜನ ನಿಘಂಟಿನಲ್ಲಿ ಸುಲಭ. ಊರಿನಲ್ಲಿ ಯಾವ ಮಾತು ಯಾರಿಗೆ ಸಲ್ಲುತ್ತದೆ ನೋಡಿ.

'ಒಡ್ಡು' ತೆಗೆದುಕೊಳ್ಳಿ. ರಾಜ ಪಣ ಒಡ್ಡುತ್ತಾನೆ. ವೀರ ಎದೆಯೊಡ್ಡುತ್ತಾನೆ. ನಮ್ಮವರು? ಬಿಸಿಲಿಗೆ ಮೈಯೊಡ್ಡುತ್ತಾರೆ, ಏಟಿಗೆ ಬೆನ್ನೊಡ್ಡುತ್ತಾರೆ, ಕಡೆಗೆ ಕೈಯೊಡ್ಡುತ್ತಾರೆ. ಒಂದೇ ಧಾತು. ಮೇಲಿನವನ ಬಾಯಲ್ಲಿ ಅದು ಶೌರ್ಯ, ಕೆಳಗಿನವನ ಮೈಮೇಲೆ ಅದು ಭಿಕ್ಷೆ.

'ಪಣ' ತೆಗೆದುಕೊಳ್ಳಿ. ಈ ನಾಡಿಗೆಲ್ಲ ಗೊತ್ತಿರುವ ಪಣ ಧರ್ಮರಾಯನದು. ಅವನು ಒಡ್ಡಿದ್ದೇನು? ರಾಜ್ಯ ಹೋಯಿತು, ತಮ್ಮಂದಿರನ್ನು ಒಡ್ಡಿದ. ತನ್ನನ್ನು ಒಡ್ಡಿ ಸೋತ. ಆಮೇಲೆ ಹೆಂಡತಿಯನ್ನು ಒಡ್ಡಿದ. ಸೋತವನು ಧರ್ಮರಾಯನಾಗಿಯೇ ಉಳಿದ. ಸಭೆಯಲ್ಲಿ ಸೀರೆಗೆ ಕೈ ಬಿದ್ದದ್ದು ದ್ರೌಪದಿಯದು. ಸೋತ ಯಜಮಾನನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು ಎಂದು ಆ ಹೆಣ್ಣು ಸಭೆಯನ್ನು ಕೇಳಿದಳು. ದೊಡ್ಡ ದೊಡ್ಡ ಪಂಡಿತರೆಲ್ಲ ತಲೆ ತಗ್ಗಿಸಿದರು. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

'ಬಲಿ' ತೆಗೆದುಕೊಳ್ಳಿ. ಕೆರೆಗೆ ಹಾರದ ಹಾಡನ್ನು ನಮ್ಮ ಮೇಷ್ಟ್ರುಗಳು ಕಣ್ಣಲ್ಲಿ ನೀರು ತಂದುಕೊಂಡು ಪಾಠ ಮಾಡುತ್ತಾರೆ. ಕೆರೆ ಕಟ್ಟಿಸಿದವನು ಮಲ್ಲನಗೌಡ. ನೀರು ಬೀಳಲಿಲ್ಲ. ಜೋಯಿಸ ಹೊತ್ತಿಗೆ ತೆಗೆದು ಸೊಸೆಯನ್ನು ಕೊಡು ಅಂದ. ದುಡ್ಡು ಹಾಕಿದವನು ಗೌಡ, ಲೆಕ್ಕ ಹೇಳಿದವನು ಜೋಯಿಸ, ನೀರಿನಲ್ಲಿ ಮುಳುಗಿದವಳು ಕಿರಿಸೊಸೆ ಭಾಗೀರಥಿ. ಊರಿನ ಕೆರೆಯ ಹೆಸರು ಗೌಡನದಾಗುತ್ತದೆ. ಇವತ್ತಿನ ಅಣೆಕಟ್ಟು, ಕಾರ್ಖಾನೆ, ಮೇಲ್ಸೇತುವೆ ಎಲ್ಲಕ್ಕೂ ಇದೇ ಹಾಡು. ಜೋಯಿಸರ ಜಾಗಕ್ಕೆ ಕನ್ಸಲ್ಟೆಂಟರು ಬಂದಿದ್ದಾರೆ, ಅಷ್ಟೆ.

'ಅಡವಿಡು' ತೆಗೆದುಕೊಳ್ಳಿ. ಒಡವೆ ಇದ್ದವರು ಒಡವೆ ಅಡವಿಟ್ಟರು. ಹೊಲ ಇದ್ದವರು ಹೊಲ ಅಡವಿಟ್ಟರು. ಏನೂ ಇಲ್ಲದವರು? ಮಗನನ್ನು ಜೀತಕ್ಕಿಟ್ಟರು. ಅದೇ 'ಇಡು'. ಅಪ್ಪನ ಮದುವೆಗೋ ತಾತನ ತಿಥಿಗೋ ತಂದ ಪುಡಿಗಾಸಿಗೆ ಎಂಟು ವರ್ಷದ ಹುಡುಗ ಗೌಡನ ಕೊಟ್ಟಿಗೆಯ ಸಗಣಿ ಬಾಚತೊಡಗಿ ಮುದುಕನಾಗುವವರೆಗೆ ಬಾಚುತ್ತಿದ್ದ. 1976ರಲ್ಲಿ ಜೀತ ರದ್ದಾಯಿತು ಎಂದು ಕಾನೂನು ಬಂತು. ಈಗ ಅದರ ಹೆಸರು 'ಅಡ್ವಾನ್ಸು'. ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯಲಿಕ್ಕೆ, ಕಲ್ಲುಕ್ವಾರಿಗೆ ಮೇಸ್ತ್ರಿ ಮುಂಗಡ ಕೊಟ್ಟು ಸಂಸಾರ ಸಮೇತ ಲಾರಿ ಹತ್ತಿಸುತ್ತಾನೆ. ಆ ಮುಂಗಡ ಯಾರ ಹೂಡಿಕೆ? ಅದರಿಂದ ಬರುವ ದುಡಿಮೆ ಯಾರ ಲಾಭ? ಸಾಲ ಎನ್ನುವುದು ಬರೀ ಹೆಸರು. ಮನುಷ್ಯನನ್ನು ಕೊಂಡುಕೊಳ್ಳುವ ಬಂಡವಾಳ ಅದು.

ನೋಡಿದಿರಾ, ಮಾತಿಗೆ ಸಮಾನಾರ್ಥ ಇರಬಹುದು, ಮನುಷ್ಯರಿಗೆ ಸಮಾನ ಅರ್ಥ ಇಲ್ಲ. ಉಳ್ಳವರು ಹೂಡುತ್ತಾರೆ, ಇಲ್ಲದವರನ್ನು ಒಡ್ಡಲಾಗುತ್ತದೆ.

ಸರ್ಕಾರದ ಕಚೇರಿಯಲ್ಲೂ ಇದೇ ಪಂಕ್ತಿಭೇದ. ಕಾರ್ಖಾನೆಯವನಿಗೆ ಅಗ್ಗದ ಜಮೀನು, ನೀರು, ಕರೆಂಟು, ತೆರಿಗೆ ರಿಯಾಯಿತಿ ಕೊಟ್ಟರೆ ಅದು 'ಪ್ರೋತ್ಸಾಹ'. ನಮ್ಮ ಹುಡುಗನಿಗೆ ಎರಡು ಎಮ್ಮೆ ಕೊಳ್ಳಲು ನಿಗಮದಿಂದ ದುಡ್ಡು ಕೊಟ್ಟರೆ ಅದು 'ಸಹಾಯಧನ'. ನಮ್ಮ ಶಾಲೆ ಹಾಸ್ಟೆಲುಗಳಿಗೆ ಕೊಡುವುದು 'ಅನುದಾನ'. ಸಹಾಯವಂತೆ, ದಾನವಂತೆ! ನಮ್ಮ ತೆರಿಗೆಯ ದುಡ್ಡು ನಮಗೆ ದಾನವಾಗುವುದು ಹೇಗೆ? ಎಮ್ಮೆ ಪಡೆದವನನ್ನು ಅವರು 'ಫಲಾನುಭವಿ' ಎಂದು ಕರೆಯುತ್ತಾರೆ. ಫಲವನ್ನು ಅನುಭವಿಸುವವನು ಅಂತ. ಎಮ್ಮೆ ಸತ್ತು ಸಾಲ ಉಳಿದವನೂ ಫಲಾನುಭವಿಯೇ. ಜಮೀನು ಪಡೆದ ಕಂಪೆನಿಯನ್ನು ಯಾವತ್ತಾದರೂ ಫಲಾನುಭವಿ ಅಂದದ್ದು ಕೇಳಿದ್ದೀರಾ? ಅದು ಹೂಡಿಕೆದಾರ. ಮಾತು ಯಾವ ಕಡೆಗೆ ವಾಲಿದೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು?

ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಬಜೆಟ್ಟಿನಲ್ಲಿ ಶೇ. 24.1ರಷ್ಟು ಹಣ ತೆಗೆದಿಡಬೇಕೆಂದು ಕರ್ನಾಟಕ 2013ರಲ್ಲಿ ಕಾನೂನು ಮಾಡಿತು. ಒಳ್ಳೆಯ ಕಾನೂನು, ಹೋರಾಡಿ ಪಡೆದದ್ದು. ಆದರೆ ಅದರೊಳಗೆ 7ಡಿ ಎಂಬ ಒಂದು ಕಂಡಿ ಬಿಟ್ಟಿದ್ದರು. ಎಲ್ಲರೂ ಓಡಾಡುವ ರಸ್ತೆ, ಸೇತುವೆಗಳಿಗೆಲ್ಲ ಆ ಕಂಡಿಯಿಂದ ನಮ್ಮ ಹಣ ಹರಿಯಿತು. ಸಂಘಟನೆಗಳು ಕೂಗಿ ಕೂಗಿ 2023ರಲ್ಲಿ 7ಡಿ ಹೋಯಿತು. ಅದೇ ಸಾಲಿನಲ್ಲಿ ಅದೇ ನಿಧಿಯ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. 'ಗ್ಯಾರಂಟಿಯಲ್ಲಿ ನಿಮ್ಮವರೂ ಇದ್ದಾರಲ್ಲ' ಎಂಬುದು ಸರ್ಕಾರದ ಉತ್ತರ. ಇದ್ದೇವೆ ಸ್ವಾಮಿ. ಎಲ್ಲರಿಗೂ ಸಿಗುವ ಅಕ್ಕಿ ನಮಗೂ ಸಿಗಲಿ, ಎಲ್ಲರ ಲೆಕ್ಕದಿಂದಲೇ ಸಿಗಲಿ. ನಮ್ಮ ಕೇರಿಯ ಮಕ್ಕಳ ಓದಿಗೆ, ನಮ್ಮವರ ಭೂಮಿಗೆ ಹೂಡಬೇಕಾದ ದುಡ್ಡಿನಿಂದ ಏಕೆ? ಹೂಡುವ ದುಡ್ಡನ್ನು ಹಂಚುವ ದುಡ್ಡಾಗಿ ಮಾಡಿದರೆ ನಾವು ಯಾವಾಗಲೂ ಫಲಾನುಭವಿಗಳಾಗಿ ಕೈಯೊಡ್ಡಿಯೇ ಇರುತ್ತೇವೆ. ಅವರಿಗೆ ಬೇಕಾದದ್ದೂ ಅದೇ ಇರಬಹುದು.

ಇಲ್ಲಿ ನಮ್ಮೊಳಗಿನ ಇಬ್ಬರು ಗೆಳೆಯರಿಗೆ ಉತ್ತರ ಕೊಡಬೇಕು.

ಒಬ್ಬ ಗೆಳೆಯ ಹೇಳುತ್ತಾನೆ: 'ಮಾತಿನ ಜಗಳದಿಂದ ಹೊಟ್ಟೆ ತುಂಬುತ್ತದೆಯೆ? ದಲಿತರೂ ದುಡ್ಡು ಮಾಡಿ ಬಂಡವಾಳಗಾರರಾಗಲಿ, ಮುಗಿಯಿತು.' ಆಗಲಿ. ನಮ್ಮ ಹುಡುಗಿ ಕಾರ್ಖಾನೆ ತೆರೆದರೆ ಮೊದಲು ಸಂತೋಷಪಡುವವರು ನಾವು. ಆದರೆ ಅವಳು ಬ್ಯಾಂಕಿಗೆ ಹೋದಾಗ ಮ್ಯಾನೇಜರು ಏನು ಕೇಳುತ್ತಾನೆ? ಆಧಾರವಾಗಿ ಆಸ್ತಿ ಏನಿದೆ ಅಂತ. ತಲೆತಲಾಂತರ ಆಸ್ತಿ ಮಾಡಲು ಬಿಡದೆ, ಈಗ ಆಸ್ತಿ ತೋರಿಸು ಅನ್ನುವುದು. ಪರಿಶಿಷ್ಟರಿಗೆ ಮತ್ತು ಹೆಣ್ಣುಮಕ್ಕಳಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಿ ಎಂದು 2016ರಲ್ಲಿ ಕೇಂದ್ರ ಸರ್ಕಾರ ಸ್ಟ್ಯಾಂಡ್ ಅಪ್ ಇಂಡಿಯಾ ತರಬೇಕಾಯಿತು ಅಂದರೇನೇ ಅರ್ಥ ಮಾಡಿಕೊಳ್ಳಿ, ಅದಕ್ಕೆ ಮೊದಲು ಬಾಗಿಲು ಎಷ್ಟು ತೆರೆದಿತ್ತು ಅಂತ. ಇನ್ನೂ ಒಂದು ಮಾತು. ಸಾವಿರದಲ್ಲಿ ಒಬ್ಬ ಕಾರ್ಖಾನೆ ಕಟ್ಟಿದ ಮಾತ್ರಕ್ಕೆ ಉಳಿದವರ ಮೈಯ ಲೆಕ್ಕ ಚುಕ್ತಾ ಆಗುವುದಿಲ್ಲ. ನೊಗದ ಕೆಳಗೆ ಕುತ್ತಿಗೆ ಕೊಟ್ಟವರ ಪ್ರಶ್ನೆ ನಮ್ಮದು.

ಇನ್ನೊಬ್ಬ ಗೆಳೆಯ ಕೆಂಪು ಬಾವುಟದವನು. 'ಇದು ವರ್ಗದ ಪ್ರಶ್ನೆ, ಜಾತಿಯನ್ನು ಏಕೆ ಎಳೆಯುತ್ತೀರಿ? ಎಲ್ಲ ಕೂಲಿಕಾರರೂ ಮೈ ಹೂಡುತ್ತಾರೆ' ಅನ್ನುತ್ತಾನೆ. ನಿಜ ಗೆಳೆಯ. ಆದರೆ ಎಲ್ಲ ಕೂಲಿಕಾರರೂ ಮ್ಯಾನ್‌ಹೋಲಿಗೆ ಇಳಿಯುವುದಿಲ್ಲವಲ್ಲ! ಯಾವ ಮೈ ಎಲ್ಲಿಗೆ ಇಳಿಯಬೇಕು ಎಂದು ಗೊತ್ತುಮಾಡಿದವರು ಯಾರು? ಬಂಡವಾಳ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಮನು ಗೊತ್ತುಮಾಡಿ ಇಟ್ಟಿದ್ದ. ಬಂಡವಾಳಗಾರ ಬಂದು ಆ ಪಟ್ಟಿಯನ್ನು ಹಾಗೇ ಎತ್ತಿಕೊಂಡ. ಬಿಟ್ಟಿ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಈ ಎರಡು ಕೀಲೂ ಒಂದೇ ಬಾಗಿಲಿನವು. ಒಂದನ್ನು ಕಿತ್ತು ಇನ್ನೊಂದನ್ನು ಬಿಟ್ಟರೆ ಬಾಗಿಲು ಬೀಳದು.

ಮಾತಿನ ಜಗಳ ಚಿಕ್ಕದು ಎಂದು ತಿಳಿಯಬೇಡಿ. 1973ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಎಂಬ ಒಂದೇ ಮಾತು ಆಡಿದ್ದಕ್ಕೆ ನಾಡು ಹೊತ್ತಿಕೊಂಡಿತು, ನಮ್ಮ ಹುಡುಗರಿಗೆ ಹಾಸ್ಟೆಲುಗಳಲ್ಲಿ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಮಾತು ಬರೀ ಗಾಳಿಯಾಗಿದ್ದರೆ ಇಷ್ಟಾಗುತ್ತಿತ್ತೆ? ಆ ಗಾಯದಿಂದಲೇ ಈ ಚಳವಳಿ ಎದ್ದದ್ದು.

ಇನ್ನು ಹಿಂದಕ್ಕೆ ಹೋಗಿ, ಕಲ್ಯಾಣಕ್ಕೆ. ಸಮಗಾರ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟ ಎಂದು ಜನ ಕಥೆ ಹೇಳುತ್ತಾರೆ. ಆಮೇಲೆ ಅವನ ಮಗನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳಿಗೂ ಮದುವೆಯಾಯಿತು. ಹರಳಯ್ಯನಿಗೂ ಮಧುವರಸನಿಗೂ ಬಿಜ್ಜಳನ ಆಳ್ವಿಕೆ ಕೊಟ್ಟ ಶಿಕ್ಷೆಯ ಹೆಸರು ಗೊತ್ತೆ? ಎಳೆಹೂಟೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿ ಕೊಂದರು. ಹೂಟೆ ಎಂಬುದು ಹೂಡುವುದರಿಂದಲೇ ಬಂದ ಮಾತು. ಎತ್ತನ್ನು ನೊಗಕ್ಕೆ ಹೂಡುವಂತೆ ಮನುಷ್ಯರನ್ನು ಆನೆಗೆ ಹೂಡಿದರು. ಅವರು ಸಮಾನತೆಗೆ ತಮ್ಮನ್ನು ಹೂಡಿದರು, ದೊರೆ ಅವರನ್ನು ಸಾವಿಗೆ ಹೂಡಿದ. ಒಂದೇ ಮಾತಿನಲ್ಲಿ ಎರಡು ಕನ್ನಡಗಳಿವೆ. ಎಂಟುನೂರು ವರ್ಷ ಕಳೆದರೂ ಅವೆರಡರ ಜಗಳ ಮುಗಿದಿಲ್ಲ.

ನಮ್ಮ ಕನ್ನಡ ಸತ್ತಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಹಿಂದೆ ಬಂದವರ ಮೇಲೆ ದೊಣ್ಣೆ ಬಿತ್ತು. ಅವರು ಹೂಡಿದ ಸತ್ಯಾಗ್ರಹದ ಬಡ್ಡಿಯನ್ನು ನಾವಿನ್ನೂ ಉಣ್ಣುತ್ತಿದ್ದೇವೆ. 1930ರಲ್ಲಿ ಅದೇ ಕೋಲಾರದ ಗಣಿಯವರು, ಕಂಪೆನಿ ತಮ್ಮನ್ನು ಕಳ್ಳರಂತೆ ಕಂಡು ಬೆರಳಚ್ಚು ಕೇಳಿದಾಗ ಮುಷ್ಕರ ಹೂಡಿದರು. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು, ಅವರಲ್ಲಿ ದಲಿತ ಸಣ್ಣ ಹಿಡುವಳಿದಾರರೂ ಇದ್ದರು, 2022ರ ಏಪ್ರಿಲಿನಲ್ಲಿ ಧರಣಿ ಹೂಡಿದರು. ಮೂರು ವರ್ಷಕ್ಕೂ ಮೀರಿ ಕೂತರು. ಹೂಡಿಕೆದಾರರಿಗೆಂದು ಗುರುತು ಮಾಡಿದ್ದ 1777 ಎಕರೆಯನ್ನು ಕೈಬಿಟ್ಟೆವು ಎಂದು 2025ರ ಜುಲೈ 15ರಂದು ಮುಖ್ಯಮಂತ್ರಿ ಹೇಳಬೇಕಾಯಿತು. ಅಲ್ಲಿ ಎರಡು ಹೂಡಿಕೆಗಳು ಎದುರುಬದುರು ನಿಂತಿದ್ದವು. ಮೈ ಹೂಡಿದವರು ಗೆದ್ದರು.

ದಾವೆಯ ಮಾತೂ ಹಾಗೆಯೇ. ನಮ್ಮವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಒಂದು ಮೂಟೆ ರಾಗಿಗೋ ಒಂದು ಸೀಸೆ ಸಾರಾಯಿಗೋ ಬರೆಸಿಕೊಂಡವರಿಂದ ಬಿಡಿಸಿಕೊಡಲು 1978ರಲ್ಲಿ ಪಿಟಿಸಿಎಲ್ ಕಾನೂನು ಬಂತು. ಓದು ಬಾರದವರು ಅರ್ಜಿ ಹಾಕುವ ಹೊತ್ತಿಗೆ ವರ್ಷಗಳು ಉರುಳಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು, ಇಷ್ಟು ತಡವಾಗಿ ಬಂದರೆ ಆಗದು ಅಂದಿತು. ಸಾವಿರಾರು ವರ್ಷ ತಡವಾಗಿ ಅಕ್ಷರ ಕೊಟ್ಟವರು ನಮಗೆ ತಡವಾಯಿತು ಅಂದರು! ಸಂಘಟನೆಗಳು ಮತ್ತೆ ಧರಣಿ ಹೂಡಿದವು. 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಬಂತು. ತಿದ್ದುಪಡಿ ಬಂದ ಮಾತ್ರಕ್ಕೆ ಹೊಲ ಕೈಗೆ ಬರುವುದಿಲ್ಲ. ಅರ್ಜಿ ಬರೆದುಕೊಡುವವರು ಬೇಕು, ಎಸಿ ಕಚೇರಿಗೆ ಜೊತೆಯಲ್ಲಿ ಹೋಗುವವರು ಬೇಕು.

ಅದಕ್ಕೇ ಈ ಮಾತನ್ನು ಮರಳಿ ಪಡೆಯಬೇಕೆಂದು ಹೇಳುತ್ತಿರುವುದು. ಹೂಡಿದವನಿಗೆ ಪಾಲಿದೆ, ಲೆಕ್ಕ ಕೇಳುವ ಹಕ್ಕಿದೆ, ಬೇಡ ಎನ್ನುವ ಅಧಿಕಾರ ಇದೆ. ಬಂಡವಾಳಗಾರನಿಗೆ ಇವು ಮೂರೂ ಇವೆ. ವರ್ಷಕ್ಕೊಂದು ಸಭೆ ಕರೆದು ಅವನ ಕೈಗೆ ಲೆಕ್ಕದ ಪುಸ್ತಕ ಕೊಡುತ್ತಾರೆ. ಮೈ ಹೂಡಿದವನಿಗೆ ಯಾವ ಪುಸ್ತಕ ಕೊಟ್ಟಿದ್ದಾರೆ? 'ಕೂಲಿ ಏರಿಸಿ' ಎಂದು ಬೇಡುವುದು ಬೇರೆ. 'ನಾನೂ ಹೂಡಿದ್ದೇನೆ, ಪಾಲು ತೆಗೆ' ಎಂದು ಕೇಳುವುದು ಬೇರೆ. ಮೊದಲನೆಯದರಲ್ಲಿ ಕೈ ಒಡ್ಡಿರುತ್ತದೆ, ಎರಡನೆಯದರಲ್ಲಿ ಕೈ ಎತ್ತಿರುತ್ತದೆ.

ಇದನ್ನು ನಾವು ಹೊಸದಾಗಿ ಕಂಡುಹಿಡಿದಿಲ್ಲ. ಬಾಬಾಸಾಹೇಬರನ್ನು ಬರೀ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ನಿಲ್ಲಿಸಿರುವವರು ಅವರು ಅರ್ಥಶಾಸ್ತ್ರಜ್ಞರೆಂಬುದನ್ನು ಮರೆಸಿದ್ದಾರೆ. ಹಿಡುವಳಿ ಚಿಕ್ಕದಾದ್ದರಿಂದಲೇ ರೈತ ಕೆಟ್ಟ ಎನ್ನುವ ವಾದವನ್ನು ಅವರು 1918ರಲ್ಲೇ ಮುರಿದರು; ಭೂಮಿಗೆ ತಕ್ಕ ಬಂಡವಾಳ, ಸಲಕರಣೆ ಇಲ್ಲದಿರುವುದೇ ರೋಗ ಎಂದು ತೋರಿಸಿದರು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಭೂಮಿ ಮತ್ತು ಮುಖ್ಯ ಉದ್ಯಮಗಳು ಸರ್ಕಾರದ ಒಡೆತನದಲ್ಲಿರಬೇಕು, ಬೇಸಾಯಕ್ಕೆ ಬೇಕಾದ ಬಂಡವಾಳವನ್ನು ಸರ್ಕಾರವೇ ಒದಗಿಸಬೇಕು, ಊರಿನವರು ಜಾತಿಭೇದವಿಲ್ಲದೆ ಕೂಡಿ ಬೇಸಾಯ ಮಾಡಬೇಕು ಎಂದು ಬರೆದರು. ಒಡೆಯ ಇರಬಾರದು, ಗೇಣಿದಾರ ಇರಬಾರದು, ಭೂಮಿ ಇಲ್ಲದ ಕೂಲಿಯೂ ಇರಬಾರದು ಎಂಬುದು ಅವರ ಎಣಿಕೆ. ಆ ಪುಟಗಳನ್ನು ನಮ್ಮ ಎಷ್ಟು ಕಾಲೇಜುಗಳು ಪಾಠ ಮಾಡುತ್ತವೆ?

ಹಳ್ಳಿಯ ಮೇಷ್ಟ್ರೇ, ನಾಳೆ ತರಗತಿಯಲ್ಲಿ 'ಹೂಡು' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂತ ಕೊಡಿ. 'ಉದ್ಯಮಿಯು ಬಂಡವಾಳ ಹೂಡಿದನು' ಎಂದು ಮಕ್ಕಳು ಬರೆದರೆ ಅಲ್ಲಿಗೇ ಬಿಡಬೇಡಿ. ನಿಮ್ಮ ಅವ್ವ ಏನು ಹೂಡಿದಳು, ನಿಮ್ಮ ಅಪ್ಪ ಏನು ಹೂಡಿದ ಎಂದು ಕೇಳಿ. ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳೇ, ಅಪಾಯ ಮತ್ತು ಲಾಭದ ಪಾಠ ಬಂದಾಗ ಎದ್ದು ನಿಂತು ಮ್ಯಾನ್‌ಹೋಲಿನ ಲೆಕ್ಕ ಕೇಳಿ; ಅಂಕ ಕಡಿಮೆ ಬಂದರೆ ಬರಲಿ. ಸಂಘಟನೆಯ ಗೆಳೆಯರೇ, ಮನವಿ ಪತ್ರ ಬರೆಯುವಾಗ 'ಸಹಾಯಧನ ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇವೆ' ಎಂಬ ಸಾಲನ್ನು ಇವತ್ತೇ ಹೊಡೆದುಹಾಕಿ. 'ನಮ್ಮ ಹೂಡಿಕೆಯ ಪಾಲು ಇಷ್ಟು, ಕೊಡಿ' ಎಂದು ಬರೆಯಿರಿ. ನಿಮ್ಮ ತಾಲೂಕಿನ ಉಪಯೋಜನೆ ಹಣ ಎಲ್ಲಿ ಹೋಯಿತೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಬಂದ ಉತ್ತರವನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ.

ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ: 'ಅವನ ಬಂಡವಾಳ ಬಯಲಾಯಿತು.' ಬೇರೆ ಯಾವ ಬಂಡವಾಳದ ಬಗ್ಗೆಯೂ ನಮ್ಮ ಜನ ಇಷ್ಟು ಸರಿಯಾದ ಮಾತು ಆಡಿಲ್ಲ. ಅದನ್ನು ಬಯಲು ಮಾಡುವ ಕೆಲಸ ಇನ್ನು ನಮ್ಮದು. ನೊಗ ಹೊತ್ತವರು ನಾವು, ಆರು ಹೂಡಿದವರು ನಾವು. ಬೆಳೆ ಕಣಕ್ಕೆ ಬಂದಾಗ ಅಳೆಯುವ ಕೊಳಗವೂ ನಮ್ಮ ಕೈಯಲ್ಲಿರಬೇಕು.